ಶೇ. 5 ಸುಂಕ, ಉಳಿದದ್ದೆಲ್ಲ ಕಿರುಕುಳ

2019ರ ಜುಲೈ 5ರಂದು ಮಂಡನೆಯಾದ ಬಜೆಟ್ಟನ್ನು ಬಹಳ ಜನ ನೆನಪಿಟ್ಟುಕೊಂಡಿರುವುದು ಕೆಂಪು ಬಟ್ಟೆ ಸುತ್ತಿದ ಬಹಿ ಖಾತೆಗಾಗಿ. ಆ ಭಾಷಣದಲ್ಲಿ ಒಂದು ಸಣ್ಣ ಮಾತು ಬಂದು ಹೋಯಿತು: ದೇಶದ ಪ್ರಕಾಶನ ಮತ್ತು ಮುದ್ರಣ ಉದ್ಯಮಕ್ಕೆ ಉತ್ತೇಜನ ಕೊಡಲು ಹೊರದೇಶದಿಂದ ಬರುವ ಪುಸ್ತಕಗಳ ಮೇಲೆ ಶೇ. 5ರಷ್ಟು ಕಸ್ಟಮ್ಸ್ ಸುಂಕ. ಅಲ್ಲಿಯವರೆಗೆ ಅಚ್ಚಾದ ಪುಸ್ತಕಕ್ಕೆ ಸುಂಕ ಇರಲಿಲ್ಲ. ಆ ವಾರ ಪೆಟ್ರೋಲು, ಚಿನ್ನದ ಗಲಾಟೆಯಲ್ಲಿ ಪುಸ್ತಕವನ್ನು ಕೇಳುವವರು ಕಡಿಮೆ. ಕೇಳಿದವರೂ, ನೂರಕ್ಕೆ ಐದು ತಾನೇ, ಹೋಗಲಿ ಬಿಡಿ ಅಂದರು.

ಆ ಐದನ್ನು ನಾನೂ ಬಿಟ್ಟುಬಿಡುತ್ತಿದ್ದೆ, ಅಷ್ಟಕ್ಕೇ ಮುಗಿದಿದ್ದರೆ. ನನ್ನ ತಕರಾರು ಇರುವುದು ಐದನ್ನು ವಸೂಲಿ ಮಾಡುವ ನೆಪದಲ್ಲಿ ಓದುವವರ ಕೈಯಿಂದ ಹೋಗುವ ಮೂವತ್ತೋ ನಲವತ್ತೋ ರೂಪಾಯಿಯ ಬಗ್ಗೆ. ಅದರಲ್ಲಿ ಹೆಚ್ಚಿನ ಪಾಲು ಸರ್ಕಾರಕ್ಕೂ ಸೇರುವುದಿಲ್ಲ, ಯಾವ ಪ್ರಕಾಶಕರಿಗೂ ಸೇರುವುದಿಲ್ಲ.

ಲೆಕ್ಕ ನೋಡೋಣ. ನಿಮಗೆ ಹೆರಾಲ್ಡ್ ಶಿಫ್‌ಮನ್ ಬರೆದ ಆಡುಗನ್ನಡದ ವ್ಯಾಕರಣ ಬೇಕು ಅಂದುಕೊಳ್ಳಿ. 1983ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರೆಸ್ ತಂದ ಪುಸ್ತಕ. ನಾವು ಮನೆಯಲ್ಲಿ ಮಾತಾಡುವ ಕನ್ನಡದ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಬರೆದ ಪುಸ್ತಕಗಳು ಕಡಿಮೆ. ಅಮೆರಿಕದ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಅದು 3,000 ರೂಪಾಯಿಗೆ ಸಿಕ್ಕಿತು, ಕಳಿಸಲು ಇನ್ನೊಂದು 2,000 ಅನ್ನೋಣ. ಸುಂಕವನ್ನು ಬರೀ ಪುಸ್ತಕದ ಬೆಲೆಯ ಮೇಲೆ ಲೆಕ್ಕ ಹಾಕುವುದಿಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿ ಹಾಕುತ್ತಾರೆ. ಆದರೆ 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ: ವಿಮಾನದಲ್ಲಿ ಬಂದ ಸರಕಿಗೆ ಸಾಗಣೆಯ ಖರ್ಚು ಎಷ್ಟೇ ಆಗಿರಲಿ, ಬೆಲೆಯ ಶೇ. 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಹಾಗಾಗಿ 2,000ದ ಬದಲು 600. ವಿಮೆಯ ಲೆಕ್ಕ ಗೊತ್ತಿಲ್ಲದಿದ್ದರೆ ಶೇ. 1.125, ಅಂದರೆ 34 ರೂಪಾಯಿ. ಒಟ್ಟು 3,634. ಇದಕ್ಕೆ ಶೇ. 5ರಂತೆ 182, ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್ 18. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಸರ್ಕಾರಕ್ಕೆ ಸಲ್ಲಬೇಕಾದದ್ದು 200 ರೂಪಾಯಿ.

ಕಾಗದದ ಮೇಲೆ ಇಷ್ಟೇ. ಈಗ ಬಾಗಿಲಿಗೆ ಬರುವ ಬಿಲ್ ನೋಡಿ.

ನಾನು ಅನುವಾದ ಮಾಡಿ ಬದುಕುವವಳು. ನನ್ನದೊಂದು ಅನುವಾದ ಸೇರಿದ್ದ ಕಥಾಸಂಕಲನದ ಎರಡು ಪ್ರತಿಗಳನ್ನು ಇಂಗ್ಲೆಂಡಿನ ಪುಟ್ಟ ಪ್ರಕಾಶನ ಸಂಸ್ಥೆಯೊಂದು ಪುಣೆಯ ನನ್ನ ವಿಳಾಸಕ್ಕೆ ಕಳಿಸಿತು. ಅನುವಾದಕರಿಗೆ ಕೊಡುವ ಗೌರವ ಪ್ರತಿ, ದುಡ್ಡು ಕೊಟ್ಟು ಕೊಂಡದ್ದಲ್ಲ. ಆದರೂ ಅದಕ್ಕೊಂದು ಬೆಲೆ ನಮೂದಿಸಲೇಬೇಕು, ನಮೂದಿಸಿದರು: 25 ಪೌಂಡ್. ಕೊರಿಯರ್ ಕಂಪನಿಯಿಂದ ಬಂದ ಬಿಲ್ ಹೀಗಿತ್ತು. ಸುಂಕ 193 ರೂಪಾಯಿ. ಕ್ಲಿಯರೆನ್ಸ್ ಚಾರ್ಜ್ 600. ನನ್ನ ಪರವಾಗಿ ಆ 193 ರೂಪಾಯಿಯನ್ನು ಮುಂಗಡವಾಗಿ ಕಟ್ಟಿದ್ದಕ್ಕೆ 250. ಈ ಎರಡು ಸೇವೆಗಳ ಮೇಲೆ ಶೇ. 18 ಜಿಎಸ್‌ಟಿ, 153. ಎಲ್ಲ ಸೇರಿ 1,196 ರೂಪಾಯಿ, ನಾನೇ ಅನುವಾದ ಮಾಡಿದ ಕಥೆಯನ್ನು ಅಚ್ಚಿನಲ್ಲಿ ನೋಡುವುದಕ್ಕೆ. ಆಧಾರ್ ಕೊಡಿ, ಪ್ಯಾನ್ ಕೊಡಿ, ಯಾವ ಉದ್ದೇಶಕ್ಕೆ ಎಂದು ಬರೆದುಕೊಡಿ ಎಂಬ ಮೂರು ದಿನದ ಇಮೇಲ್ ವ್ಯವಹಾರಕ್ಕೆ ಬೆಲೆ ಕಟ್ಟಿಲ್ಲ.

193 ರೂಪಾಯಿ ಕಟ್ಟಲು 1,003 ರೂಪಾಯಿ ಖರ್ಚು! 250 ರೂಪಾಯಿ ಬಡ್ಡಿಗೆ 193 ರೂಪಾಯಿ ಸಾಲ ಕೊಡುವುದನ್ನು ನಮ್ಮೂರ ಕಡೆ ಬೇರೆ ಹೆಸರಿನಿಂದ ಕರೆಯುತ್ತಾರೆ. ಹೋಗಲಿ, ಮುಂಗಡ ಬೇಡ, ನಾನೇ ನೇರವಾಗಿ ಕಟ್ಟುತ್ತೇನೆ ಅಂದೆ. ಆ ಅನುಕೂಲ ವೈಯಕ್ತಿಕ ಗ್ರಾಹಕರಿಗೆ ಇಲ್ಲವಂತೆ.

ಭಾಷಾಶಾಸ್ತ್ರ ಓದಿದವಳಿಗೆ ಇಲ್ಲಿ ಒಂದು ಅಡ್ಡದಾರಿ ಹಿಡಿಯದೆ ಇರಲು ಆಗುವುದಿಲ್ಲ, ಕ್ಷಮಿಸಿ. ಸಂಸ್ಕೃತದ ‘ಶುಲ್ಕ’ ಕನ್ನಡಕ್ಕೆ ಬಂದು ‘ಸುಂಕ’ ಆಯಿತು. ಚಾಲುಕ್ಯರ ಕಾಲದ ನಮ್ಮ ಶಾಸನಗಳಲ್ಲಿ ಸುಂಕದ ಹೆಸರುಗಳ ಸಾಲೇ ಇದೆ: ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ. ಪಿರಿದು ಸುಂಕ ಪೆರ್ಜುಂಕ, ಮುಂದೆ ಅದೇ ಹೆಜ್ಜುಂಕ. ಇವುಗಳ ಜೊತೆಗೆ ಬರುವ ಇನ್ನೊಂದು ಮಾತು ‘ಕಿಱುಕುಳ’. ಹಳಗನ್ನಡದಲ್ಲಿ ಹಾಗೆಂದರೆ ಸಣ್ಣಪುಟ್ಟದ್ದು, ಚಿಲ್ಲರೆ; ಶಾಸನಗಳಲ್ಲಿ ಚಿಲ್ಲರೆ ಸುಂಕಗಳಿಗೂ ಅದೇ ಹೆಸರು. ಇವತ್ತು ನಾವು ಕಿರುಕುಳ ಅನ್ನುವುದು ಯಾವುದಕ್ಕೆ ಎಂದು ಬೇರೆ ಹೇಳಬೇಕಿಲ್ಲ. ಈ ಅರ್ಥ ಆ ಅರ್ಥದಿಂದಲೇ ಬಂತೆಂದು ನಾನು ವಾದ ಮಾಡುತ್ತಿಲ್ಲ. ಆದರೆ ಬಿಲ್ ಕೈಯಲ್ಲಿ ಹಿಡಿದವರಿಗೆ ಎರಡೂ ಅರ್ಥ ಒಟ್ಟಿಗೇ ಹೊಳೆಯುತ್ತವೆ. ಹೆಜ್ಜುಂಕ 193, ಕಿರುಕುಳ 1,003.

ಮುಂಬೈ ಓದುಗರಿಗೆ ಇದು ಹೊಸದಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೂ ಮುಲುಂಡ್ ನಾಕಾದಲ್ಲಿ, ದಹಿಸರ್ ನಾಕಾದಲ್ಲಿ ಆಕ್ಟ್ರಾಯ್ ಕಟ್ಟಲು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನೀವು ನೋಡಿದ್ದೀರಿ. ತೆರಿಗೆಗಿಂತ ಕಾಯುವುದೇ ದುಬಾರಿ ಎಂದು ಲಾರಿಯವರು ಗೊಣಗುತ್ತಿದ್ದರು. ಆ ನಾಕಾ ಹೋಯಿತು. ಪುಸ್ತಕದ ನಾಕಾ ಅದೇ ಹೊತ್ತಿಗೆ, ಎರಡೇ ವರ್ಷದ ಅಂತರದಲ್ಲಿ, ಹೊಸದಾಗಿ ಶುರುವಾಯಿತು.

ಈಗ ಸುಂಕ ಹಾಕಿದವರು ಕೊಟ್ಟ ಕಾರಣಕ್ಕೆ ಬರೋಣ. ದೇಶದ ಪ್ರಕಾಶಕರಿಗೆ ಉತ್ತೇಜನ. ಯಾರಿಗೆ? ಧಾರವಾಡದ ಅಟ್ಟದಲ್ಲಿ ಕೂತು ಕನ್ನಡ ಕವನ ಸಂಕಲನ ತರುವವರಿಗೂ ಶಿಫ್‌ಮನ್ನರ ವ್ಯಾಕರಣಕ್ಕೂ ಯಾವ ಪೈಪೋಟಿ? ಇಂಗ್ಲಿಷ್ ಪುಸ್ತಕಗಳ ಮಾತೇ ಎತ್ತಿಕೊಳ್ಳಿ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಗೆದ್ದಿತು. ಬ್ರಿಟನ್ನಿನಲ್ಲಿ ಅದನ್ನು ತಂದದ್ದು ಆ್ಯಂಡ್ ಅದರ್ ಸ್ಟೋರೀಸ್, ಭಾರತದಲ್ಲಿ ಪೆಂಗ್ವಿನ್. ಇಲ್ಲಿ ಕೈಗೆಟುಕುವ ಬೆಲೆಗೆ ಸಿಗುವ ಪುಸ್ತಕವನ್ನು ಯಾರಾದರೂ ಲಂಡನ್ನಿನಿಂದ ತರಿಸುತ್ತಾರೆಯೇ? ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ವನಮಾಲಾ ವಿಶ್ವನಾಥ ಅವರು ಮೂರ್ತಿ ಕ್ಲಾಸಿಕಲ್ ಲೈಬ್ರರಿಗೆ ಇಂಗ್ಲಿಷ್ ಮಾಡಿದ್ದಾರೆ. ಅದೂ ಇಲ್ಲಿನ ಬೆಲೆಗೆ ಇಲ್ಲೇ ಸಿಗುತ್ತದೆ. ಭಾರತದ ಆವೃತ್ತಿ ಇರುವ ಪುಸ್ತಕವನ್ನು ಒಂಟಿ ಓದುಗರು ಹೊರಗಿನಿಂದ ತರಿಸುವುದಿಲ್ಲ. ತರಿಸುವುದು ಇಲ್ಲಿ ಯಾರೂ ಅಚ್ಚು ಮಾಡದ, ಮಾಡುವ ಆಸೆಯೂ ಇಲ್ಲದ ಪುಸ್ತಕವನ್ನು. ಹಾಗಾದರೆ ಈ ಗೋಡೆ ಯಾವ ಹೊಲವನ್ನು ಕಾಯುತ್ತಿದೆ?

ಇದಕ್ಕೊಂದು ಗಟ್ಟಿಯಾದ ಎದುರು ಮಾತಿದೆ. ಹೊರದೇಶಗಳಲ್ಲಿ ಮಾರಾಟವಾಗದೆ ಉಳಿದ ಪುಸ್ತಕಗಳು ಕಂಟೇನರ್‌ಗಟ್ಟಲೆ ಬಂದು ಇಲ್ಲಿ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತವೆ, ಅದರಿಂದ ಇಲ್ಲಿನ ಪುಸ್ತಕ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ. ನಿಜ, ಪೆಟ್ಟು ಬೀಳುತ್ತದೆ. ಆದರೆ ಆ ಪುಸ್ತಕಗಳ ಆಮದು ಬೆಲೆಯೇ ಚಿಲ್ಲರೆ ಕಾಸು. ಹತ್ತು ರೂಪಾಯಿಯ ಪುಸ್ತಕಕ್ಕೆ ಶೇ. 5 ಅಂದರೆ ಎಂಟಾಣೆ. ಎಂಟಾಣೆ ಕೊಟ್ಟು ಕಂಟೇನರ್ ಸಲೀಸಾಗಿ ಒಳಗೆ ಬರುತ್ತದೆ, ಏಕೆಂದರೆ ಸಾವಿರಾರು ಪುಸ್ತಕಕ್ಕೆ ಒಂದೇ ಕಾಗದಪತ್ರ, ಒಂದೇ ಕ್ಲಿಯರೆನ್ಸ್ ಖರ್ಚು. ಸಿಕ್ಕಿಬೀಳುವವರು ಒಂದೇ ಒಂದು ಪುಸ್ತಕ ತರಿಸಿದ ಪಿಎಚ್‌ಡಿ ವಿದ್ಯಾರ್ಥಿ.

ವಿಚಿತ್ರವೆಂದರೆ, ಕಾನೂನು ಆ ವಿದ್ಯಾರ್ಥಿಯ ಕಡೆ ಇದೆ. ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ನಿನ 6ನೇ ಉಪಸೆಕ್ಷನ್ ಹೇಳುತ್ತದೆ: ಸುಂಕದ ಮೊತ್ತ 100 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವಸೂಲಿ ಮಾಡುವಂತಿಲ್ಲ. ಮೇಲಿನ ಲೆಕ್ಕವನ್ನೇ ತಿರುಗಿಸಿ ಹಾಕಿ ನೋಡಿದರೆ, ಸುಮಾರು 1,500 ರೂಪಾಯಿಯವರೆಗಿನ ಪುಸ್ತಕ ವಿಮಾನದಲ್ಲಿ ಬಂದರೆ ಸುಂಕ ಸೊನ್ನೆ. ಸಾಧಾರಣ ಪೇಪರ್‌ಬ್ಯಾಕ್ ಇದರೊಳಗೇ ಬರುತ್ತದೆ. ಆದರೆ ಒಂದು ಷರತ್ತು. ಪಾರ್ಸೆಲ್ಲನ್ನು ಪುಸ್ತಕ ಎಂದು ಗುರುತಿಸಬೇಕು, ಅಂದರೆ ಸುಂಕದ ಪಟ್ಟಿಯ 4901ನೇ ಶೀರ್ಷಿಕೆಯಡಿ ಹಾಕಬೇಕು. ಪಟ್ಟಿಯಲ್ಲಿ 9804 ಎಂಬ ಇನ್ನೊಂದು ಶೀರ್ಷಿಕೆ ಇದೆ: ವೈಯಕ್ತಿಕ ಬಳಕೆಗೆಂದು ಅಂಚೆಯಲ್ಲೋ ವಿಮಾನದಲ್ಲೋ ತರಿಸಿದ ಸಕಲ ವಸ್ತುಗಳು. 2017ರ ಜಿಎಸ್‌ಟಿ ಪಟ್ಟಿಯಲ್ಲಿ ಇದನ್ನು ಶೇ. 28ರ ಮೆಟ್ಟಿಲ ಮೇಲೆ ಪಾನ್ ಮಸಾಲಾ, ತಂಬಾಕಿನ ಪಕ್ಕ ಕೂರಿಸಿದ್ದರು. ಸುಂಕ ಬೇರೆ. ದರಗಳು ಆಮೇಲೆ ಹತ್ತಿ ಇಳಿದಿವೆ, ಪುಸ್ತಕದ ದರಕ್ಕಿಂತ ಹಲವು ಪಟ್ಟು ಹೆಚ್ಚಾಗಿಯೇ ಉಳಿದಿವೆ. ದಿನಕ್ಕೆ ಸಾವಿರ ಪಾರ್ಸೆಲ್ ನೋಡುವ ಕೊರಿಯರ್ ಗುಮಾಸ್ತರಿಗೆ ಪೆಟ್ಟಿಗೆಯಲ್ಲಿ ಇರುವುದು ವ್ಯಾಕರಣವೋ ವಾಚೋ ಎಂಬುದು ದೊಡ್ಡ ವಿಷಯವಲ್ಲ. ಚೆನ್ನೈನಲ್ಲಿರುವ ಗೆಳತಿಯೊಬ್ಬಳ ಪುಸ್ತಕ ಹೀಗೆ 9804ಕ್ಕೆ ಬಿತ್ತು. ಆಕೆ ಮೇಲ್ ಬರೆದು, ಫೋನ್ ಮಾಡಿ ಕೊನೆಗೆ ಸುಸ್ತಾಗಿ ಕಟ್ಟಿದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ಗಾದೆ ಇದೆ. ಈಗ ಕೇಳಿಸಿಕೊಳ್ಳಲು ಎದುರಿಗೆ ಸುಂಕದವನೂ ಇಲ್ಲ, ಕಾಲ್ ಸೆಂಟರಿನ ಸಂಗೀತ ಇದೆ.

ಉಡುಗೊರೆ ಎಂದು ಕಳಿಸಿದರೆ? 2019ರ ಡಿಸೆಂಬರ್‌ವರೆಗೆ 5,000 ರೂಪಾಯಿಯೊಳಗಿನ ಉಡುಗೊರೆಗೆ ಸುಂಕ ಇರಲಿಲ್ಲ. ಚೀನಾದ ಶಾಪಿಂಗ್ ಆ್ಯಪ್‌ಗಳು ಅಂಗಿ ಚಡ್ಡಿಯನ್ನೆಲ್ಲ ಉಡುಗೊರೆಯೆಂದು ಬರೆದು ಕಳಿಸತೊಡಗಿದವು ಎಂಬ ದೂರು ಬಂತು. ಆ ದೂರಿನಲ್ಲಿ ಹುರುಳಿತ್ತು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಬಾಗಿಲು ಹಾಕಿತು. ಎರಡೇ ವಿನಾಯಿತಿ: ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿ ಮಾತ್ರ, ಅದರ ಜೊತೆಗಿನ ಉಡುಗೊರೆಗೆ ವಿನಾಯಿತಿ ಇಲ್ಲ ಎಂದು ಅಧಿಸೂಚನೆಯಲ್ಲೇ ಬರೆದಿದ್ದಾರೆ. ಇಂಥ ಸೂಕ್ಷ್ಮವನ್ನು ಯೋಚಿಸಿ ಬರೆಯುವಷ್ಟು ವ್ಯವಧಾನ ಇದ್ದವರಿಗೆ ‘ಮತ್ತು ಪುಸ್ತಕ’ ಎಂದು ಎರಡು ಪದ ಸೇರಿಸುವುದು ಕಷ್ಟವಾಗಿರಲಿಲ್ಲ.

ಸಾಗಣೆಯ ಖರ್ಚಿನ ಕಥೆ ಇದಕ್ಕಿಂತ ಹಳೆಯದು, ತಪ್ಪು ನಮ್ಮ ಸರ್ಕಾರದ್ದೂ ಅಲ್ಲ. ಹಿಂದೆ ಅಮೆರಿಕದಿಂದ ಪುಸ್ತಕ ಹಡಗಿನಲ್ಲಿ ಬರುತ್ತಿತ್ತು. ತಿಂಗಳುಗಟ್ಟಲೆ ಕಾಯಬೇಕು, ಆದರೆ ಖರ್ಚು ಕಡಿಮೆ. ಹಳೆಯ ಪ್ರೊಫೆಸರುಗಳ ಕಪಾಟು ತುಂಬಿದ್ದು ಹಾಗೆ. ಅಮೆರಿಕದ ಅಂಚೆ ಇಲಾಖೆ 2007ರ ಮೇ ತಿಂಗಳಲ್ಲಿ ಹೊರದೇಶಕ್ಕೆ ಹಡಗಿನ ಅಂಚೆಯನ್ನು ನಿಲ್ಲಿಸಿತು. ಅವಸರ ಇಲ್ಲದವರೂ ಅಂದಿನಿಂದ ವಿಮಾನದ ದರವನ್ನೇ ಕೊಡಬೇಕು. ಪುಸ್ತಕಕ್ಕೆ ಅವಸರ ಯಾಕಿರಬೇಕು? ನಲವತ್ತು ವರ್ಷ ಹಳೆಯ ವ್ಯಾಕರಣ ಮೂರು ತಿಂಗಳು ತಡವಾಗಿ ಬಂದರೆ ಕ್ರಿಯಾಪದಗಳು ಕೆಟ್ಟುಹೋಗುವುದಿಲ್ಲ.

ನಮ್ಮ ಕಡೆಯಿಂದ ಆಚೆಗೆ ಹೋಗುವ ಪುಸ್ತಕಗಳ ಪಾಡೂ ಬೇರೆಯಲ್ಲ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವಿಲ್ಲ ಎಂಬ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಸುಂಕವನ್ನು ಯಾರು, ಹೇಗೆ ವಸೂಲಿ ಮಾಡಿ ಕಟ್ಟಬೇಕು ಎಂಬ ಏರ್ಪಾಡು ಸಿದ್ಧವಿರಲಿಲ್ಲ. ಅಂಚೆಯನ್ನು ಒಯ್ಯುವ ವಿಮಾನ ಕಂಪನಿಗಳು ಹಿಂದೆ ಸರಿದವು. ಆಗಸ್ಟ್ 25ರಿಂದ ಇಂಡಿಯಾ ಪೋಸ್ಟ್ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು, ಆ ತಿಂಗಳು ಮುಗಿಯುವಷ್ಟರಲ್ಲಿ ಕಾಗದಪತ್ರವನ್ನೂ ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ನ್ಯೂಜೆರ್ಸಿಯ ಮೊಮ್ಮಗುವಿಗೆ ಕನ್ನಡ ಕಲಿಸಲು ಮೈಸೂರಿನ ಅಜ್ಜಿ ಕಳಿಸಬೇಕೆಂದಿದ್ದ ಮಗ್ಗಿ ಪುಸ್ತಕ, ಕಥೆ ಪುಸ್ತಕಗಳೂ ಅದರಲ್ಲಿ ಸಿಕ್ಕಿಕೊಂಡವು. ಇದರಲ್ಲಿ ಒಂದು ವಿಷಯ ಬಹಳ ಜನರ ಗಮನಕ್ಕೆ ಬರಲಿಲ್ಲ: ಆ ವರ್ಷ ಅಮೆರಿಕ ಹಾಕಿದ ಹೊಸ ಸುಂಕಗಳಿಂದ ಪುಸ್ತಕಕ್ಕೆ ವಿನಾಯಿತಿ ಇತ್ತು. ಮಾಹಿತಿ ಸಾಮಗ್ರಿಗೆ ಸುಂಕ ಹಾಕುವ ಅಧಿಕಾರವನ್ನು ಅಲ್ಲಿನ ಕಾನೂನೇ ಅಧ್ಯಕ್ಷರಿಗೆ ಕೊಟ್ಟಿರಲಿಲ್ಲ. ಸುಂಕ ಇಲ್ಲದ ವಸ್ತು ಸುಂಕದ ಏರ್ಪಾಡು ಇಲ್ಲದ್ದರಿಂದ ನಿಂತಿತು.

ಯುರೋಪಿನಲ್ಲೂ ಹೀಗೇ. 22 ಯೂರೊವರೆಗಿನ ಪಾರ್ಸೆಲ್‌ಗೆ ವ್ಯಾಟ್ ಇಲ್ಲ ಎಂಬ ವಿನಾಯಿತಿ 2021ರ ಜುಲೈ 1ಕ್ಕೆ ಮುಗಿಯಿತು. ಜರ್ಮನಿಯಲ್ಲಿ ಪುಸ್ತಕಕ್ಕೆ ವ್ಯಾಟ್ ಶೇ. 7 ಮಾತ್ರ, ಒಂದೆರಡು ಯೂರೊ ಆಗಬಹುದು. ಅದನ್ನು ಕಟ್ಟಿಸಿಕೊಂಡು ತಂದುಕೊಟ್ಟದ್ದಕ್ಕೆ ಅಂಚೆಯವರು ನಿಗದಿ ಮಾಡಿದ ಶುಲ್ಕ 6 ಯೂರೊ. ಬ್ರಿಟನ್ ಇದರಲ್ಲಿ ವಾಸಿ, ಅಚ್ಚಾದ ಪುಸ್ತಕಕ್ಕೆ ಅಲ್ಲಿ ವ್ಯಾಟ್ ಸೊನ್ನೆ. ಸೊನ್ನೆಯಾದರೆ ವಸೂಲಿ ಮಾಡಲು ಏನೂ ಇಲ್ಲ, ವಸೂಲಿಯ ಶುಲ್ಕವೂ ಇಲ್ಲ. ನಾನು ಕೇಳುತ್ತಿರುವುದು ಆ ಸೊನ್ನೆಯನ್ನು. ಐದನ್ನು ಸ್ವಲ್ಪ ಇಳಿಸಿದರೆ ನನ್ನ ಬಿಲ್ಲಿನಲ್ಲಿ ಸುಂಕವಷ್ಟೇ ಸ್ವಲ್ಪ ಕಡಿಮೆಯಾಗುತ್ತದೆ, 1,003 ಹಾಗೇ ಉಳಿಯುತ್ತದೆ.

ಇಷ್ಟು ದುಡ್ಡು ಕೊಟ್ಟು ವಿದೇಶಿ ಪುಸ್ತಕ ತರಿಸುವವರು ಉಳ್ಳವರು, ಕೊಡಲಿ ಬಿಡಿ ಎಂದು ನಮ್ಮ ಬಳಗದಲ್ಲೇ ಒಬ್ಬರು ಅಂದರು. ಉಳ್ಳವರು ಇದಕ್ಕೆ ಸಿಕ್ಕಿಬೀಳುವುದೇ ಇಲ್ಲ ಸ್ವಾಮಿ. ಅವರು ವರ್ಷಕ್ಕೆರಡು ಸಲ ಹೋಗಿಬರುತ್ತಾರೆ, ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಪುಸ್ತಕ ಇಟ್ಟುಕೊಂಡು ಬರುತ್ತಾರೆ, ಯಾರೂ ಕೇಳುವುದಿಲ್ಲ. ಪದಕ್ಕೆ ಇಷ್ಟು ಪೈಸೆ ಎಂದು ದುಡಿಯುವ ಅನುವಾದಕರು, ಫೆಲೋಶಿಪ್ ಬರುವುದು ತಡವಾದ ಸಂಶೋಧಕರು, ಜಿಲ್ಲಾ ಕಾಲೇಜಿನ ಮೇಷ್ಟರು ಪಾರ್ಸೆಲ್ಲನ್ನೇ ನಂಬಬೇಕು. ಇನ್ನು ಇ-ಪುಸ್ತಕ ಓದಿ ಅನ್ನುವವರಿಗೆ: ಇರುವುದನ್ನು ಓದುತ್ತೇವೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶವನ್ನು ಶಿಕಾಗೊ ವಿಶ್ವವಿದ್ಯಾಲಯ ಜಾಲದಲ್ಲಿ ಬಿಟ್ಟಿಯಾಗಿ ಇಟ್ಟಿದೆ, ದಿನಾ ಬಳಸುತ್ತೇನೆ. ಆದರೆ ಕನ್ನಡದ ಬಗ್ಗೆ ಹೊರಗೆ ಅಚ್ಚಾಗಿ, ಮರುಮುದ್ರಣ ಕಾಣದೆ, ಸ್ಕ್ಯಾನೂ ಆಗದೆ ಕೂತಿರುವ ಪುಸ್ತಕಗಳು ಬೇಕಾದಷ್ಟಿವೆ. ವಿಲಿಯಂ ಬ್ರೈಟ್ ಎಂಬ ಅಮೆರಿಕದವರು ಬರೆದ ಆಡುಗನ್ನಡದ ರೂಪರೇಖೆಯನ್ನು 1958ರಲ್ಲಿ ಇದೇ ಪುಣೆಯ ಡೆಕ್ಕನ್ ಕಾಲೇಜು ಅಚ್ಚು ಹಾಕಿತ್ತು. ಇವತ್ತು ಅದರ ಒಂದು ಪ್ರತಿಯನ್ನು ಹೊರದೇಶದ ಹಳೆ ಪುಸ್ತಕದ ಅಂಗಡಿಯಿಂದ ತರಿಸಿದರೆ, ಪುಣೆಯಲ್ಲಿ ಅಚ್ಚಾದ ಪುಸ್ತಕ ಪುಣೆಗೆ ಬರಲು ಆಮದು ಸುಂಕ ಕಟ್ಟಿಕೊಂಡು ಬರಬೇಕು.

ಈ ಸರ್ಕಾರಕ್ಕೆ ಪುಸ್ತಕದ ಬೆಲೆ ಗೊತ್ತಿಲ್ಲ ಅನ್ನುವಂತೆಯೂ ಇಲ್ಲ. ಜಿಎಸ್‌ಟಿ ಬಂದಾಗ ಅಚ್ಚಾದ ಪುಸ್ತಕವನ್ನು ತೆರಿಗೆಯಿಂದ ಹೊರಗಿಟ್ಟರು. 2024ರ ಡಿಸೆಂಬರ್‌ನಲ್ಲಿ ರಿಜಿಸ್ಟರ್ಡ್ ಬುಕ್‌ಪೋಸ್ಟ್ ನಿಲ್ಲಿಸಿ ಪುಸ್ತಕ ಮಾರುವವರಿಂದ ಬೈಸಿಕೊಂಡರು. ಮರುವರ್ಷದ ಮೇ 1ಕ್ಕೆ ‘ಜ್ಞಾನ್ ಪೋಸ್ಟ್’ ತಂದರು: 300 ಗ್ರಾಂಗೆ 20 ರೂಪಾಯಿಯಿಂದ ಶುರುವಾಗಿ 5 ಕಿಲೋಗೆ 100, ತೆರಿಗೆ ಬೇರೆ. ಬೆಂಗಳೂರಿನ ಪ್ರಕಾಶಕರು ಹೈದರಾಬಾದಿನಲ್ಲಿರುವ ನಿಮಗೆ ಕಾದಂಬರಿ ಕಳಿಸಲು ಇವತ್ತು ಅದೇ ದಾರಿ. ಪುಸ್ತಕವನ್ನು ಸೋಪಿನ ಪೆಟ್ಟಿಗೆಯ ದರದಲ್ಲಿ ಕಳಿಸಲಾಗದು ಎಂದು ಅಂಚೆ ಇಲಾಖೆ ಒಪ್ಪಿದೆ, ಪುಸ್ತಕಕ್ಕೆ ತೆರಿಗೆ ಸಲ್ಲದು ಎಂದು ಜಿಎಸ್‌ಟಿ ಮಂಡಳಿ ಒಪ್ಪಿದೆ. ಕಸ್ಟಮ್ಸ್‌ನವರೊಬ್ಬರೇ ಒಪ್ಪಿಲ್ಲ.

ಹಣಕಾಸು ಸಚಿವಾಲಯ ಪ್ರತಿ ವರ್ಷ ಬಜೆಟ್ಟಿಗೆ ಮುಂಚೆ ಜನರಿಂದ ಸಲಹೆ ಕರೆಯುತ್ತದೆ. ನಾನು ಕಳಿಸುವುದು ಮೂರು. 4901ಕ್ಕೆ 2019ರ ಜುಲೈಗೆ ಮುಂಚೆ ಇದ್ದ ಸೊನ್ನೆ ಸುಂಕವೇ ಮತ್ತೆ ಬರಲಿ. ಒಂಟಿ ಓದುಗರಿಗೆ ಬಂದ ಅಚ್ಚಿನ ಪುಸ್ತಕವನ್ನು 9804ರಡಿ ಹಾಕಕೂಡದು ಎಂದು ಸುತ್ತೋಲೆ ಹೊರಡಲಿ. ಕೊರಿಯರ್ ಕಂಪನಿಗಳು ಕ್ಲಿಯರೆನ್ಸ್ ಶುಲ್ಕವನ್ನು ಪಾರ್ಸೆಲ್ ಹೊರಡುವ ಮುಂಚೆಯೇ, ತರಿಸುವವರಿಗೆ ತಿಳಿಸಲೇಬೇಕೆಂಬ ನಿಯಮ ಬರಲಿ. ನಿಮ್ಮದೇ ಮಾತಿನಲ್ಲಿ ನೀವೂ ಬರೆಯಿರಿ, ಸಾಧ್ಯವಾದರೆ ನಿಮ್ಮ ಬಿಲ್ಲನ್ನೂ ಲಗತ್ತಿಸಿ.

ಅಲ್ಲಿಯವರೆಗೆ, ಮುಂದಿನ ಪಾರ್ಸೆಲ್ ಬರುವ ಮುಂಚೆ ಮಾಡಬಹುದಾದದ್ದು ಇಷ್ಟು. ಕಳಿಸುವವರಿಗೆ ಕೊರಿಯರ್ ಬೇಡ, ಅಂಚೆಯಲ್ಲೇ ಕಳಿಸಿ ಎಂದು ಹೇಳಿ. ಪೆಟ್ಟಿಗೆಯ ಮೇಲೆ ‘ಪ್ರಿಂಟೆಡ್ ಬುಕ್ಸ್’ ಎಂದೂ 4901 ಎಂದೂ ದೊಡ್ಡದಾಗಿ ಬರೆಸಿ. ಹತ್ತು ಪುಸ್ತಕ ಬೇಕಿದ್ದು ಒಂದೊಂದೂ ಅಗ್ಗದ್ದಾಗಿದ್ದರೆ ಬಿಡಿಬಿಡಿಯಾಗಿ ತರಿಸಿ, ದುಬಾರಿಯಾದರೆ ಒಟ್ಟಿಗೆ. ಬಿಲ್ ಬಂದ ಮೇಲೆ ದುಡ್ಡು ಕಟ್ಟುವ ಮುಂಚೆ ಬಿಲ್ ಆಫ್ ಎಂಟ್ರಿಯ ಪ್ರತಿ ಕೇಳಿ, ಶೀರ್ಷಿಕೆ ಯಾವುದು, ಸಾಗಣೆಯ ಖರ್ಚು ಶೇ. 20 ದಾಟಿದೆಯೇ ನೋಡಿ. ಅಂಚೆಯಲ್ಲಿ ಸಿಕ್ಕಿಕೊಂಡರೆ ಮುಂಬೈಯವರು ಬಲ್ಲಾರ್ಡ್ ಎಸ್ಟೇಟಿನ, ದೆಹಲಿಯವರು ಕೋಟ್ಲಾ ರೋಡಿನ ವಿದೇಶ ಅಂಚೆ ಕಚೇರಿಗೆ ಹೋಗಬಹುದು. ಅಲ್ಲಿ ಕನಿಷ್ಠ ಪಕ್ಷ ಎದುರಿಗೆ ಒಬ್ಬ ಮನುಷ್ಯ ಕೂತಿರುತ್ತಾನೆ.